ಸೋರಿದ ನೀರು ಯಾರ ಪಾಲಿಗೆ?

ನಿಮ್ಮ ಮನೆಯಲ್ಲಿ ಬಟ್ಟೆ ಒಗೆಯುವ ಮೆಶಿನ್ ಇದೆಯೇ? ಇದ್ದರೆ, ಅದರ ಕೊಳೆನೀರು ಹೋಗುವ ಪೈಪು ಎಲ್ಲಿಗೆ ಹೋಗಿ ಮುಗಿಯುತ್ತದೆಂದು ಒಮ್ಮೆಯಾದರೂ ನೋಡಿದ್ದೀರಾ? ಬಚ್ಚಲಿನ ಗೋಡೆಯ ತೂತಿನವರೆಗೆ ನಾವೆಲ್ಲರೂ ನೋಡಿರುತ್ತೇವೆ. ಆ ತೂತಿನ ಆಚೆಗೆ ಏನಾಗುತ್ತದೆಂದು ನಾನಂತೂ ಬಹಳ ವರ್ಷ ನೋಡಿರಲಿಲ್ಲ. ಈ ಲೇಖನ ಹುಟ್ಟಿದ್ದು ಆ ತಪ್ಪಿನಿಂದ.

ನಮ್ಮ ಮನೆ ಬಂಟ್ವಾಳದಿಂದ ಮೂಡಬಿದಿರೆಗೆ ಹೋಗುವ ದಾರಿಯಲ್ಲಿ, ಗುಡ್ಡದ ಇಳಿಜಾರಿನಲ್ಲಿದೆ. ಮೆಶಿನ್ 1989ರಲ್ಲಿ ಅಣ್ಣ ಬಹ್ರೈನಿನಿಂದ ತಂದದ್ದು. ಒಗೆಯಲು ಒಂದು ತೊಟ್ಟಿ, ಹಿಂಡಲು ಇನ್ನೊಂದು. ಆ ಕಾಲದಲ್ಲಿ ಗಲ್ಫಿನಿಂದ ಬಂದವರ ಮನೆಗಳಲ್ಲಿ ಟೇಪ್ ರೆಕಾರ್ಡರ್, ಮಿಕ್ಸಿ, ದಪ್ಪ ಕಂಬಳಿ ಇರುತ್ತಿದ್ದವು. ಒಗೆಯುವ ಮೆಶಿನ್ ಅಪರೂಪ. ನಮ್ಮ ಅಮ್ಮ ಮೊದಲ ತಿಂಗಳು ಅದಕ್ಕೆ ಒಂದು ಲುಂಗಿಯನ್ನೂ ಕೊಡಲಿಲ್ಲ. ಕಲ್ಲಿಗೆ ಬಡಿಯದೆ ಕೊಳೆ ಹೇಗೆ ಹೋದೀತು ಎಂಬುದು ಅವರ ಪ್ರಶ್ನೆ. ಆಮೇಲೆ ಸೊಂಟನೋವು ಹೆಚ್ಚಾದಾಗ ಅವರೇ ಅದರ ಮುಂದೆ ಸ್ಟೂಲ್ ಹಾಕಿ ಕೂತು, ಅದು ತಿರುಗುವುದನ್ನು ನೋಡುತ್ತಾ ತೇರ್ಸ ಹೇಳುತ್ತಿದ್ದರು.

ಅಣ್ಣ ಈಗಿಲ್ಲ. ಅಮ್ಮನೂ ಇಲ್ಲ. ಮೆಶಿನ್ ಇದೆ. ಅದನ್ನು ಬಿಸಾಡಲು ನನಗೆ ಮನಸ್ಸು ಬಾರದಿರುವುದು ನಿಮಗೆ ಅರ್ಥವಾದೀತು. ಬೆಲ್ಟು, ಗಡಿಯಾರದಂತಹ ಟೈಮರು, ಹಿಂಡುವ ತೊಟ್ಟಿಯ ಬ್ರೇಕು ಎಲ್ಲವನ್ನೂ ಒಂದೊಂದು ಕಾಲದಲ್ಲಿ ನಾನೇ ಸರಿಪಡಿಸಿದ್ದೇನೆ. ಮದುವೆ ಮನೆಗಳಲ್ಲಿ, ಚರ್ಚಿನ ಅಂಗಳದಲ್ಲಿ ಪೂಜೆ ಮುಗಿದ ಮೇಲೆ, 'ನಮ್ಮದು ಮೂವತ್ತು ದಾಟಿದ ಮೆಶಿನ್, ಈಗಲೂ ಓಡುತ್ತದೆ' ಎಂದು ಹೇಳಿಕೊಳ್ಳುವುದು ನನಗೆ ಒಂದು ಚಟವೇ ಆಗಿತ್ತು.

ಪೋಪ್ ಫ್ರಾನ್ಸಿಸರು 2015ರಲ್ಲಿ ಲೋಕದ ಎಲ್ಲರಿಗೂ ಬರೆದ 'ಲೌದಾತೋ ಸೀ' ಎಂಬ ಪತ್ರವು ನನ್ನ ಬೆಂಬಲಕ್ಕಿತ್ತು. ವಸ್ತುವನ್ನು ಕೂಡಲೇ ಎಸೆಯದೆ ಮತ್ತೆ ಬಳಸುವುದು ಕೂಡ ಪ್ರೀತಿಯ ಕೆಲಸವಾಗಬಲ್ಲದು ಎಂಬ ಅರ್ಥದ ಮಾತು ಅದರಲ್ಲಿದೆ. ನಾನು ಅದನ್ನು ಎಷ್ಟೋ ಜನರಿಗೆ ಹೇಳಿದ್ದೇನೆ. ಆದರೆ ಅದೇ ಮಾತಿನ ನಡುವೆ ಒಂದು ಷರತ್ತೂ ಇದೆ, ಉದ್ದೇಶ ಸರಿಯಾಗಿರಬೇಕು ಎಂದು. ಹೇಳುವಾಗ ನಾನು ಅದನ್ನು ಬಿಟ್ಟುಬಿಡುತ್ತಿದ್ದೆ.

ಕೆಲವು ವರ್ಷಗಳ ಹಿಂದೆ ಮೆಶಿನ್ನಿನಿಂದ ನೀರು ನಿಧಾನವಾಗಿ ಹೋಗತೊಡಗಿತು. ಇಂತಹ ಹಳೆಯ ಮೆಶಿನ್ನಿನಲ್ಲಿ ನೀರನ್ನು ಹೊರಗೆ ದೂಡುವ ಪಂಪು ಇರುವುದಿಲ್ಲ. ತೊಟ್ಟಿಯ ಅಡಿಯಲ್ಲಿ ಸ್ಪ್ರಿಂಗ್ ಇರುವ ಒಂದು ರಬ್ಬರ್ ಮುಚ್ಚಳ. ಮೇಲಿನ ಗುಂಡಿಯನ್ನು ತಿರುಗಿಸಿದರೆ ಒಂದು ಪಟ್ಟಿ ಆ ಮುಚ್ಚಳವನ್ನು ಮೇಲಕ್ಕೆ ಎಳೆಯುತ್ತದೆ, ನೀರು ತನ್ನ ಭಾರಕ್ಕೆ ತಾನೇ ಇಳಿದುಹೋಗುತ್ತದೆ. ಮುಚ್ಚಳ ಪೂರ್ತಿ ಏಳುತ್ತಿಲ್ಲ ಎಂದು ನಾನು ತೀರ್ಮಾನಿಸಿದೆ. ಪಟ್ಟಿಯನ್ನು ಎರಡು ಕಣ್ಣು ಬಿಗಿ ಮಾಡಿದೆ. ನೀರು ಸ್ವಲ್ಪ ಬೇಗ ಹೋದಂತೆ ಕಂಡಿತು. ವಾರದೊಳಗೆ ನೆಲದ ಮೇಲೆ ನೀರು ಸೋರಲು ಶುರುವಾಯಿತು. ಪೈಪಿನ ಜೋಡಣೆಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದೆ, ಅಂಟು ಹಚ್ಚಿದೆ. ಸೋರುವುದು ಕಡಿಮೆಯಾಯಿತು. ಉಳಿದದ್ದಕ್ಕೆ ಕೆಳಗೆ ಒಂದು ಗೋಣಿಚೀಲ ಹಾಸಿದೆವು.

'ಹಾಸಿದೆವು' ಎಂದು ಬರೆದೆ. ಹಾಸುತ್ತಿದ್ದವಳು, ಒದ್ದೆಯಾದದ್ದನ್ನು ಹಿಂಡುತ್ತಿದ್ದವಳು, ನೆಲ ಒರೆಸುತ್ತಿದ್ದವಳು ನನ್ನ ಹೆಂಡತಿ. ವಾರಕ್ಕೆ ಮೂರು ಒಗೆತ, ಒಂದೊಂದು ಒಗೆತಕ್ಕೆ ಎರಡು ಮೂರು ಸಲ. ಅವಳಿಗೂ ಅರುವತ್ತು ದಾಟಿದೆ. ಒಂದು ದಿನ ಮನೆಗೆ ಬಂದ ನೆಂಟರ ಮುಂದೆ ನಾನು ಎಂದಿನಂತೆ ಮೆಶಿನ್ನಿನ ವರ್ಣನೆ ಮಾಡುತ್ತಿದ್ದೆ, 'ಸೋರುವುದನ್ನೂ ನಿಲ್ಲಿಸಿದೆ' ಎಂದೆ. ಅವಳು ಚಹಾ ಇಡುತ್ತಾ, 'ಸೋರುವುದು ನಿಂತಿಲ್ಲ, ನಿಮಗೆ ಕಾಣುವುದು ನಿಂತಿದೆ' ಎಂದಳು. ನೆಂಟರು ನಕ್ಕರು. ನಾನೂ ನಕ್ಕೆ. ರಾತ್ರಿ ಆ ಮಾತು ನಿದ್ರೆ ಬರಲು ಬಿಡಲಿಲ್ಲ.

ಮರುದಿನ ನಾನು ಮೊದಲೇ ಮಾಡಬೇಕಿದ್ದ ಕೆಲಸವನ್ನು ಮಾಡಿದೆ. ನಿಮ್ಮಲ್ಲಿ ಯಾರಿಗಾದರೂ ಬೇಕಾದೀತೆಂದು ಹೇಳುತ್ತೇನೆ. ಪ್ಲಗ್ ತೆಗೆದು, ಮೆಶಿನ್ನನ್ನು ಹೊರಗೆಳೆದು, ನೆಲವನ್ನೂ ಮೆಶಿನ್ನಿನ ಅಡಿಯನ್ನೂ ಪೂರ್ತಿ ಒರೆಸಿ, ಒಣಗಿದ ವೃತ್ತಪತ್ರಿಕೆ ಹಾಸಬೇಕು. ಆಮೇಲೆ ತೊಟ್ಟಿಗೆ ನೀರು ತುಂಬಿಸಿ ಸುಮ್ಮನೆ ಕೂರಬೇಕು. ಎಲ್ಲಿ ಸೋರುತ್ತದೆ ಎಂದು ಹುಡುಕುವ ಮೊದಲು ಯಾವಾಗ ಸೋರುತ್ತದೆ ಎಂದು ನೋಡಬೇಕು. ತುಂಬುವಾಗ ಮಾತ್ರ ಸೋರಿದರೆ ನೀರು ಬರುವ ಪೈಪಿನ ದೋಷ. ತುಂಬಿ ಸುಮ್ಮನೆ ನಿಂತಿರುವಾಗಲೂ ಸೋರಿದರೆ ಅಡಿಯ ಮುಚ್ಚಳ, ಪೈಪು ಅಥವಾ ತೊಟ್ಟಿಯ ಬಿರುಕು. ತಿರುಗುವಾಗ ಮಾತ್ರವಾದರೆ ತಿರುಗುವ ಚಕ್ರದ ಕೆಳಗಿನ ರಬ್ಬರ್ ಸೀಲು. ಹಿಂಡುವಾಗ ಮಾತ್ರವಾದರೆ ಹಿಂಡುವ ತೊಟ್ಟಿಯ ಅಡಿಯ ಸೀಲು, ಇಲ್ಲವೇ ಹೊರಹೋಗುವ ದಾರಿ ಕಟ್ಟಿ ನೀರು ಹಿಂದಕ್ಕೆ ಬರುತ್ತಿರುವುದು. ಪಾಪನಿವೇದನೆಗೆ ಮೊದಲು ಮಾಡುವ ಆತ್ಮಶೋಧನೆಯೂ ಹೀಗೆಯೇ ಅಲ್ಲವೇ, ನಾನು ಕೋಪಿಷ್ಠ ಎನ್ನುವುದಕ್ಕಿಂತ ಯಾವಾಗ ಕೋಪ ಬರುತ್ತದೆಂದು ಕೇಳಿಕೊಂಡರೆ ಬೇಗ ತಿಳಿಯುತ್ತದೆ.

ನಮ್ಮದು ಸುಮ್ಮನೆ ನಿಂತಿರುವಾಗಲೂ ಸೋರುತ್ತಿತ್ತು. ಮೂಡಬಿದಿರೆಯಿಂದ ಒಬ್ಬ ಹಳೆಯ ಮೆಕ್ಯಾನಿಕ್ ಬಂದರು. ಮುಚ್ಚಳ ಬಿಚ್ಚಿದಾಗ ಒಂದು ಸೇಫ್ಟಿ ಪಿನ್, ಅಂಗಿಯ ಗುಬ್ಬಿ, ಕೈತುಂಬಾ ನೂಲಿನ ಕಸ ಬಂತು. ಆದರೆ ಅವರು ಅದನ್ನು ಬದಿಗಿಟ್ಟು ಪಟ್ಟಿಯನ್ನು ನೋಡಿದರು. 'ಇದನ್ನು ಯಾರು ಬಿಗಿ ಮಾಡಿದ್ದು? ಇಷ್ಟು ಬಿಗಿಯಾದರೆ ಮುಚ್ಚಳ ಕೂರುವುದೇ ಇಲ್ಲ, ಪೈಪಿನಲ್ಲಿ ಯಾವಾಗಲೂ ನೀರು ನಿಂತಿರುತ್ತದೆ, ಹಳೆಯ ಜೋಡಣೆ ತಡೆದೀತಾ?' ಎಂದರು. ಬಿಗಿ ಮಾಡಿದ್ದು ನಾನೇ ಎಂದೆ. ನೀರು ನಿಧಾನವಾಗಿ ಹೋಗುತ್ತಿತ್ತಲ್ಲ ಎಂದೆ. 'ಹೊರಗಿನ ತುದಿ ನೋಡಿದ್ದೀರಾ?' ಎಂದು ಕೇಳಿದರು.

ಇಬ್ಬರೂ ಮನೆಯ ಹಿಂದಕ್ಕೆ ಹೋದೆವು. ಪೈಪಿನ ತುದಿ ಪಾಗಾರದ ಬುಡದಲ್ಲಿ, ಹುಲ್ಲು, ಕೆಸರು ಮತ್ತು ಸಾಬೂನಿನ ಕಪ್ಪು ಪಾಚಿಯೊಳಗೆ ಅರ್ಧ ಹೂತುಹೋಗಿತ್ತು. ನಿಧಾನವಾಗಿದ್ದಕ್ಕೆ ಕಾರಣ ಅಷ್ಟೇ. ಅದನ್ನು ನೋಡದೆ ಒಳಗಿನದನ್ನು ಬಿಗಿ ಮಾಡಿ ನಾನೇ ಸೋರಿಕೆಯನ್ನು ತಂದುಕೊಂಡಿದ್ದೆ.

ಆಗಲೇ ನಾನು ಪಾಗಾರದ ಆಚೆ ನೋಡಿದ್ದು. ಕೆಳಮನೆಯ ಅಜ್ಜಿಯ ಬಸಳೆ ಚಪ್ಪರ ಅಲ್ಲೇ ಇತ್ತು ಎಂದು ನನ್ನ ನೆನಪು. ಈಗ ಅಲ್ಲಿ ನಾಲ್ಕು ಕೊಳೆತ ಗೂಟಗಳು, ನೀರು ನಿಂತ ಗುಳಿ, ಸೊಳ್ಳೆ. ಚಪ್ಪರ ಅವರ ಬಾವಿಯ ಆಚೆಗೆ ಹೋಗಿತ್ತು. ಸಂಜೆ ಹೋಗಿ ಕೇಳಿದೆ. 'ಅಲ್ಲಿ ನೀರು ನಿಲ್ಲುತ್ತದೆ ಪೊರ್ಬುಗಳೇ, ಬಸಳೆಗೆ ಆಗುವುದಿಲ್ಲ' ಎಂದರು. ಯಾವಾಗಿನಿಂದ ಎಂದೆ. 'ಅದು ಕೆಲವು ವರ್ಷವಾಯಿತು. ನೀವು ಕೂತುಕೊಳ್ಳಿ' ಎಂದು ಚಾಪೆ ಹಾಸಿದರು. ಯಾರ ನೀರು ಎಂದು ಅವರು ಹೇಳಲಿಲ್ಲ. ನಾನೂ ಆ ದಿನ ಹೇಳಲಿಲ್ಲ.

ವಾಚಕರೇ, ನಾವು ಎರಡು ಬೇರೆ ಬೇರೆ ಶಬ್ದಗಳನ್ನು ಬಳಸುತ್ತೇವೆ. ನೀರು ನಮ್ಮ ನೆಲಕ್ಕೆ ಬಿದ್ದರೆ ಸೋರಿಕೆ. ಗೋಡೆಯ ತೂತಿನಿಂದ ಹೊರಗೆ ಹೋದರೆ ಚರಂಡಿ ವ್ಯವಸ್ಥೆ. ಆದರೆ ಪಾಗಾರದ ಕೆಳಗಿನವರಿಗೆ ನನ್ನ ವ್ಯವಸ್ಥೆಯೇ ಸೋರಿಕೆ. ನಮ್ಮ ತೊಟ್ಟಿಗೆ ಸುಮಾರು 40 ಲೀಟರ್ ಹಿಡಿಯುತ್ತದೆ. ಒಂದು ಒಗೆತ, ಎರಡು ಜಾಲಾಟ ಎಂದರೆ 120 ಲೀಟರ್. ವಾರಕ್ಕೆ 360. ಅಷ್ಟನ್ನೂ ವರ್ಷಗಟ್ಟಲೆ ಒಬ್ಬ ಮುದುಕಿಯ ಹಿತ್ತಿಲಿಗೆ ಸುರಿದಿದ್ದೆ. ಬಾಲ್ದಿಯಲ್ಲಿ ತೆಗೆದುಕೊಂಡು ಹೋಗಿ ಅವರ ಅಂಗಳಕ್ಕೆ ಸುರಿ ಎಂದಿದ್ದರೆ ನನ್ನಿಂದ ಸಾಧ್ಯವಾಗುತ್ತಿರಲಿಲ್ಲ. ಪೈಪು ಸುರಿದ ಕಾರಣ ಸಾಧ್ಯವಾಯಿತು.

ಇಳಿಜಾರಿನಲ್ಲಿ ನೀರು ಕೆಳಗೇ ಹೋಗುತ್ತದಲ್ಲ, ಅದಕ್ಕೇನು ಮಾಡುವುದು ಎಂದು ಕೇಳುವವರಿದ್ದಾರೆ. ಮಳೆಯ ನೀರಿನ ವಿಷಯದಲ್ಲಿ ಅದು ನಿಜ. ನಮ್ಮ ಜಿಲ್ಲೆ ಮದರಾಸು ಪ್ರಾಂತ್ಯದಲ್ಲಿದ್ದ ಕಾಲದ 1882ರ ಈಸ್‌ಮೆಂಟ್ ಕಾಯಿದೆಯಲ್ಲೇ, ಮೇಲಿನ ಜಾಗದಲ್ಲಿ ಸಹಜವಾಗಿ ಬಿದ್ದ ಅಥವಾ ಹುಟ್ಟಿದ ನೀರು ಸಹಜವಾಗಿ ಕೆಳಗಿನ ಜಾಗಕ್ಕೆ ಹರಿಯಲು ಕೆಳಗಿನವನು ಬಿಡಬೇಕು ಎಂದಿದೆ. ಸಹಜವಾಗಿ ಎಂಬ ಮಾತನ್ನು ಗಮನಿಸಿ. ಸಾಬೂನಿನ ಪುಡಿ ಆಕಾಶದಿಂದ ಬೀಳುವುದಿಲ್ಲ. ನಮ್ಮ ಊರಿನ ಕೆಂಪು ಮುರಕಲ್ಲು ತೂತು ತೂತಾದದ್ದು, ಮೇಲೆ ಹೊಯ್ದದ್ದು ಬಾವಿಗೆ ಇಳಿಯಲು ಹೆಚ್ಚು ಸಮಯ ಬೇಡ. ಇನ್ನೂ ಸ್ವಲ್ಪ ದೂರ ನೋಡಿ: ಬೆಳ್ತಂಗಡಿಯ ಸೋಮಾವತಿ ನೇತ್ರಾವತಿಗೆ ಸೇರುತ್ತದೆ, ನೇತ್ರಾವತಿ ಬಂಟ್ವಾಳ ಪೇಟೆಯನ್ನು ದಾಟಿ ತುಂಬೆಗೆ ಬರುತ್ತದೆ, ತುಂಬೆಯ ಅಣೆಕಟ್ಟಿನಿಂದ ಮಂಗಳೂರು ನಗರ ನೀರು ಕುಡಿಯುತ್ತದೆ. ಅಲ್ಲಿ ನಮ್ಮ ಮಕ್ಕಳು ಮೊಮ್ಮಕ್ಕಳೇ ಇದ್ದಾರೆ.

ಹೊಸ ಮೆಶಿನ್ ತಂದರೆ ಇದೆಲ್ಲ ತೀರುತ್ತದೆಂದು ತಿಳಿಯಬೇಡಿ. ಬೆಳ್ತಂಗಡಿಯಲ್ಲಿರುವ ನನ್ನ ತಂಗಿ ಹೊಸದನ್ನೇ ಕೊಂಡಳು. ಅದು ಪಂಪು ಇರುವ ಜಾತಿ, ಅದರ ಪೈಪಿನ ತುದಿಯನ್ನು ಎತ್ತರದಲ್ಲಿ ಕಟ್ಟಬೇಕು. ನಮ್ಮ ಹಳೆಯದಕ್ಕೆ ತದ್ವಿರುದ್ಧ, ಇದರ ತುದಿ ತೊಟ್ಟಿಯ ಅಡಿಗಿಂತ ಕೆಳಗಿರಬೇಕು. ಅವಳು ನೋಡಿದ್ದು ನಮ್ಮಲ್ಲಿಯದನ್ನು, ಹಾಗಾಗಿ ಪೈಪನ್ನು ನೆಲಕ್ಕೆ ಬಿಟ್ಟಳು. ತುಂಬುತ್ತಿದ್ದ ನೀರೆಲ್ಲ ತಾನಾಗಿ ಎಳೆದುಕೊಂಡು ಹೊರಗೆ ಹೋಗುತ್ತಿತ್ತು, ಮೆಶಿನ್ ತುಂಬುವುದೇ ಇಲ್ಲ, ನಲ್ಲಿ ತೆರೆದೇ ಇರುತ್ತಿತ್ತು. ಬೇಸಗೆಯಲ್ಲಿ ಟ್ಯಾಂಕು ಖಾಲಿಯಾದಾಗಲೇ ಗೊತ್ತಾದದ್ದು. ಹಳೆಯದನ್ನು ಗುಜರಿಗೆ ಕೊಟ್ಟರೂ ಮೋಟಾರಿನ ತಾಮ್ರಕ್ಕೆ ಬೆಲೆ ಇದೆ, ಒಡೆದ ಪ್ಲಾಸ್ಟಿಕ್ ತೊಟ್ಟಿ ಯಾವುದಾದರೂ ಗುಡ್ಡೆಯ ಬದಿಗೆ ಬೀಳುತ್ತದೆ. ಅದೂ ಯಾರದೋ ಪಾಗಾರದ ಕೆಳಗೇ.

ಪಾಪನಿವೇದನೆಯಿಂದ ಪಾಪಕ್ಕೆ ಕ್ಷಮೆ ಸಿಗುತ್ತದೆ, ಆದರೆ ಪಾಪ ಮಾಡಿದ ಹಾನಿ ತಾನಾಗಿ ಸರಿಯಾಗುವುದಿಲ್ಲ, ಕೈಲಾದಷ್ಟನ್ನು ಸರಿಪಡಿಸಬೇಕು ಎಂದು ನಮ್ಮ ಧರ್ಮೋಪದೇಶ ಹೇಳುತ್ತದೆ. ಕದ್ದ ವಸ್ತುವಿಗೆ ಇದು ಸುಲಭ, ಹಿಂದೆ ಕೊಟ್ಟರಾಯಿತು. ಅಜ್ಜಿಗೆ ಏನನ್ನು ಹಿಂದೆ ಕೊಡಲಿ? ಅವರಿಗೆ ಆದ ನಷ್ಟವೆಂದರೆ ಇಷ್ಟು ವರ್ಷದ ಬಸಳೆ, ಒಂದಿಷ್ಟು ಜಾಗ, ಮತ್ತೆ ಹೇಳದೆ ಸಹಿಸಿಕೊಂಡದ್ದು. ನಾನು ಬಾಯಿಬಿಟ್ಟು ಹೇಳಲು ಎರಡು ವಾರ ಬೇಕಾಯಿತು. ಹೇಳಿದಾಗ ಅವರು, 'ಬಾಯಮ್ಮನ ಹತ್ತಿರ ಒಮ್ಮೆ ಹೇಳಿದ್ದೆ' ಎಂದರು. ಹೆಂಡತಿಯನ್ನು ಕೇಳಿದೆ. ತಾನು ನನಗೆ ಹೇಳಿದ್ದೆ, ನೋಡುವ ಎಂದು ನಾನೇ ಅಂದಿದ್ದೆ ಎಂದಳು. ನನಗೆ ನೆನಪಿಲ್ಲ. ಅವಳು ಸುಳ್ಳು ಹೇಳುವವಳಲ್ಲ.

ಈಗ ಮುಚ್ಚಳದ ರಬ್ಬರ್ ಹೊಸದು, ಪಟ್ಟಿ ಸಡಿಲವಾಗಿದೆ, ಪೈಪನ್ನು ಬದಲಾಯಿಸಿದ್ದೇವೆ. ಸಾಬೂನಿನ ಮೊದಲ ನೀರು ನಮ್ಮ ಜಾಗದಲ್ಲೇ, ಎರಡೂ ಬಾವಿಗಳಿಂದ 50 ಅಡಿಗಿಂತ ಹೆಚ್ಚು ದೂರದಲ್ಲಿ ತೋಡಿದ ಇಂಗುಗುಂಡಿಗೆ ಹೋಗುತ್ತದೆ. ಜಾಲಾಡಿಸಿದ ನೀರು ಎರಡು ತೆಂಗಿನ ಬುಡಕ್ಕೆ. ಪಾಗಾರದ ಆಚೆಯ ಗುಳಿಗೆ ಮಣ್ಣು ಹಾಕಿಸಿದೆ, ಅಜ್ಜಿ ಚಪ್ಪರವನ್ನು ಹಿಂದೆ ತಂದಿಲ್ಲ, ಇನ್ನೊಂದು ಮಳೆ ಹೋಗಲಿ ಎನ್ನುತ್ತಾರೆ. ಒಗೆಯುವ ದಿನ ನೆಲ ಒರೆಸುವ ಕೆಲಸ ನನ್ನದು ಎಂದು ನಾನೇ ವಹಿಸಿಕೊಂಡಿದ್ದೇನೆ. ಮೆಶಿನ್ನಿನ ಎಡಗಾಲಿನ ಹತ್ತಿರ ಒಂದು ರೂಪಾಯಿ ಅಗಲದ ಒದ್ದೆ ಇನ್ನೂ ಕಾಣುತ್ತದೆ, ಯಾವಾಗ ಎಂದು ಪತ್ತೆಯಾಗಿಲ್ಲ. ಆಟಿ ತಿಂಗಳ ಮಳೆಗೆ ಗುಂಡಿ ತುಂಬಿದರೆ ಏನು ಮಾಡುವುದೆಂದೂ ತಿಳಿದಿಲ್ಲ. ಆ ಇಳಿಜಾರಿನಲ್ಲಿ ನೀರು ಹೇಗೆ ಹೋಗುತ್ತದೆಂದು ಚೆನ್ನಾಗಿ ಬಲ್ಲವರು ಕೆಳಮನೆಯ ಅಜ್ಜಿ. ಈ ಭಾನುವಾರ ಪೂಜೆ ಮುಗಿಸಿ ಬಂದ ಮೇಲೆ ಅವರನ್ನೇ ಕೇಳಬೇಕೆಂದಿದ್ದೇನೆ.