ಎಳ್ಳುಕಾಳಿನಷ್ಟು ಅಂತರ

‘ಎಳ್ಳಷ್ಟೂ ಸಂಶಯವಿಲ್ಲ’ ಎಂದು ನಾವು ಮಾತಿನ ಭರದಲ್ಲಿ ಹೇಳುವುದುಂಟು. ಎಳ್ಳಿನ ಒಂದು ಕಾಳಿನ ಉದ್ದ ಹೆಚ್ಚು ಕಡಿಮೆ ಮೂರು ಮಿಲಿಮೀಟರ್. 1972ರ ಆಗಸ್ಟ್ 30ರಂದು ಮ್ಯೂನಿಕ್ ಒಲಿಂಪಿಕ್ಸಿನ ಈಜುಕೊಳದಲ್ಲಿ ಇಷ್ಟೇ ಅಂತರವು ಒಬ್ಬನಿಗೆ ಚಿನ್ನವನ್ನೂ ಇನ್ನೊಬ್ಬನಿಗೆ ಬೆಳ್ಳಿಯನ್ನೂ ಕೊಡಿಸಿತು. ಆ ತೀರ್ಪು ಎಳ್ಳಷ್ಟೂ ಸಂಶಯವಿಲ್ಲದ್ದಾಗಿತ್ತೇ? ನ್ಯಾಯವೆಂಬುದು ಎಷ್ಟು ಸೂಕ್ಷ್ಮವಾಗಿ ಅಳೆದರೆ ಅಷ್ಟು ಒಳ್ಳೆಯದೇ? ಬಹಳ ದಿನಗಳಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆಯಿದು.

ಸ್ಪರ್ಧೆಯ ಹೆಸರು ಪುರುಷರ 400 ಮೀಟರ್ ವೈಯಕ್ತಿಕ ಮೆಡ್ಲೆ. ಒಬ್ಬನೇ ಈಜುಗಾರ ನಾಲ್ಕು ಬಗೆಯಲ್ಲಿ ಈಜಬೇಕು. ಮೊದಲು ಬಟರ್‌ಫ್ಲೈ, ಬಳಿಕ ಬೆನ್ನ ಮೇಲಿನ ಈಜು, ಆಮೇಲೆ ಬ್ರೆಸ್ಟ್‌ಸ್ಟ್ರೋಕ್, ಕೊನೆಗೆ ಫ್ರೀಸ್ಟೈಲ್. ಒಂದೊಂದೂ ನೂರು ಮೀಟರ್. ಐವತ್ತು ಮೀಟರಿನ ಕೊಳವಾದುದರಿಂದ ಅದರ ಉದ್ದವನ್ನು ಒಟ್ಟು ಎಂಟು ಸಲ ಈಜಬೇಕು. ಒಂದರಲ್ಲಿ ಗಳಿಸಿದ್ದನ್ನು ಇನ್ನೊಂದರಲ್ಲಿ ಕಳೆದುಕೊಳ್ಳುವ ಆಟವಿದು. ಆ ದಿನ ಮೊದಲು ಮುಂದಿದ್ದವನು ಅಮೆರಿಕದ ಗ್ಯಾರಿ ಹಾಲ್. ಅವನು ಕೊನೆಗೆ ಐದನೆಯವನಾದ. ಗೋಡೆಯನ್ನು ಒಟ್ಟಿಗೆ ಮುಟ್ಟಿದಂತೆ ಕಂಡವರು ಸ್ವೀಡನಿನ ಗುನ್ನಾರ್ ಲಾರ್ಸನ್ ಮತ್ತು ಅಮೆರಿಕದ ಟಿಮ್ ಮೆಕ್ಕೀ. ಇಬ್ಬರ ಹೆಸರಿನ ಮುಂದೆಯೂ ಒಂದೇ ಸಮಯ: 4 ನಿಮಿಷ 31.98 ಸೆಕೆಂಡು. ಆಗ ಅಧಿಕಾರಿಗಳು ಯಂತ್ರದ ಮೂರನೆಯ ದಶಮಾಂಶ ಸ್ಥಾನವನ್ನು ನೋಡಿದರು. ಲಾರ್ಸನನದು 31.981, ಮೆಕ್ಕೀಯದು 31.983. ಸೆಕೆಂಡಿನ ಸಾವಿರ ಪಾಲುಗಳಲ್ಲಿ ಎರಡು ಪಾಲು! ಚಿನ್ನ ಸ್ವೀಡನಿಗೆ ಹೋಯಿತು.

ಲೆಕ್ಕ ಹಾಕಿ ನೋಡೋಣ. 400 ಮೀಟರನ್ನು ಸುಮಾರು 272 ಸೆಕೆಂಡಿನಲ್ಲಿ ಕ್ರಮಿಸಿದವನು ಒಂದು ಸೆಕೆಂಡಿಗೆ ಒಂದೂವರೆ ಮೀಟರಿಗಿಂತ ತುಸು ಕಡಿಮೆ ಸಾಗುತ್ತಾನೆ. ಸೆಕೆಂಡಿನ ಸಾವಿರದಲ್ಲಿ ಎರಡು ಪಾಲೆಂದರೆ ಮೂರು ಮಿಲಿಮೀಟರ್. ಈಗ ಕೊಳದ ಕಡೆ ನೋಡಿ. ಅದನ್ನು ಕಟ್ಟಿದವರು ಮನುಷ್ಯರು. ಐವತ್ತು ಮೀಟರಿನ ಕೊಳದ ಉದ್ದ ಮೂರು ಸೆಂಟಿಮೀಟರಿನಷ್ಟು ಹೆಚ್ಚಿರಬಹುದೆಂದು ಇಂದಿನ ಅಂತಾರಾಷ್ಟ್ರೀಯ ನಿಯಮವೇ ಒಪ್ಪುತ್ತದೆ. ಅಂದರೆ ಒಬ್ಬನ ಸಾಲಿನ ಗೋಡೆ ಇನ್ನೊಬ್ಬನದಕ್ಕಿಂತ ಹತ್ತು ಎಳ್ಳುಕಾಳಿನಷ್ಟು ಆಚೆಗಿದ್ದರೂ ಕೊಳ ಸರಿಯಾದದ್ದೇ. ಎಂಟು ಸಲ ಈಜುವಾಗ ಆ ವ್ಯತ್ಯಾಸ ಎಂಟು ಪಟ್ಟಾಗಬಹುದು. ಯಂತ್ರ ಸುಳ್ಳು ಹೇಳಲಿಲ್ಲ. ಯಾರ ಕೈ ಮೊದಲು ತಾಗಿತೆಂದು ಅದು ಸರಿಯಾಗಿಯೇ ಹೇಳಿತು. ಆದರೆ ನಾವು ತಿಳಿಯಬಯಸಿದ್ದು ಸಮನಾದ ದೂರವನ್ನು ಯಾರು ಬೇಗ ಈಜಿದರೆಂದು. ಅದನ್ನು ಹೇಳುವ ಶಕ್ತಿ ಆ ಮೂರನೆಯ ಅಂಕೆಗೆ ಇರಲಿಲ್ಲ.

ಹಾಗೆಂದು ಯಂತ್ರವನ್ನು ಹಳಿಯುವುದೂ ತರವಲ್ಲ. ಅದು ಬರುವ ಮೊದಲು ನಡೆದುದನ್ನು ಮರೆಯಬಾರದು. 1960ರ ರೋಮ್ ಒಲಿಂಪಿಕ್ಸಿನ 100 ಮೀಟರ್ ಫ್ರೀಸ್ಟೈಲಿನಲ್ಲಿ ಅಮೆರಿಕದ ಲ್ಯಾನ್ಸ್ ಲಾರ್ಸನ್ ಎಂಬವನ ಸಮಯವನ್ನು (ಹೆಸರಿನ ಹೋಲಿಕೆ ಆಕಸ್ಮಿಕ) ಮೂರು ಸ್ಟಾಪ್‌ವಾಚ್‌ಗಳು 55.0, 55.1, 55.1 ಎಂದು ತೋರಿಸಿದವು. ಆಸ್ಟ್ರೇಲಿಯದ ಜಾನ್ ಡೆವಿಟ್‌ನದನ್ನು ಮೂರೂ 55.2 ಎಂದವು. ಆದರೂ ಕಣ್ಣಳತೆಯ ತೀರ್ಪಿನಂತೆ ಚಿನ್ನ ಸಿಕ್ಕಿದ್ದು ಡೆವಿಟ್‌ಗೆ. ಇಂಥ ಅನ್ಯಾಯ ತಪ್ಪಲೆಂದೇ ಮುಟ್ಟಿದೊಡನೆ ಸಮಯ ದಾಖಲಿಸುವ ಯಂತ್ರ ಬಂತು. ಕಣ್ಣಿನ ತಪ್ಪನ್ನು ತಿದ್ದಲು ತಂದ ಸಾಧನವನ್ನು ಹನ್ನೆರಡು ವರ್ಷಗಳಲ್ಲಿಯೇ ಅದರ ಯೋಗ್ಯತೆ ಮೀರಿ ನಂಬಿದೆವು.

ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ದುಡಿಯುವವನು ನಾನು. ಸಂಜೆ ನಗದು ತಾಳೆಯಾಗದಿದ್ದರೆ ಹತ್ತು ರೂಪಾಯಿಗಾಗಿಯೂ ಕಟ್ಟುಗಳನ್ನು ಬಿಚ್ಚಿ ಮತ್ತೆ ಎಣಿಸುತ್ತೇವೆ. ಅದು ಸರಿಯೇ, ಏಕೆಂದರೆ ಅದು ಎಣಿಕೆ. ನೋಟು ಒಂದಿದ್ದರೆ ಒಂದೇ. ಅಳತೆಯ ಮಾತು ಬೇರೆ. ಅಡಿಕೆ ಮೂಟೆ ತೂಗುವ ತಕ್ಕಡಿಯಲ್ಲಿ ಉಂಗುರದ ತೂಕ ಯಾರೂ ಕೇಳುವುದಿಲ್ಲ. ಪ್ರತಿಯೊಂದು ಅಳತೆಗೂ ಒಂದು ಮಂಜಿನ ಅಂಚು ಇರುತ್ತದೆ. ಅಲ್ಲಿಂದಾಚೆ ಕಾಣುವುದು ನಮ್ಮ ಊಹೆ ಮಾತ್ರ. ಅಳೆದದ್ದನ್ನು ಎಣಿಸಿದ್ದೆಂದು ತಿಳಿದದ್ದೇ ಮ್ಯೂನಿಕ್ಕಿನ ತಪ್ಪು ಎಂದು ನನಗನಿಸುತ್ತದೆ.

ಆ ಬಳಿಕ ನಿಯಮ ಬದಲಾಯಿತು. ಸೆಕೆಂಡಿನ ನೂರನೇ ಪಾಲಿನವರೆಗೆ ಮಾತ್ರ ನೋಡುವುದು, ಅದೂ ಸಮವಾದರೆ ಪದಕವನ್ನು ಹಂಚುವುದು ಎಂದಾಯಿತು. 1984ರಲ್ಲಿ ಲಾಸ್ ಏಂಜಲೀಸಿನ ಮಹಿಳೆಯರ 100 ಮೀಟರ್ ಫ್ರೀಸ್ಟೈಲಿನಲ್ಲಿ ಕ್ಯಾರಿ ಸ್ಟೈನ್‌ಸೈಫರ್, ನ್ಯಾನ್ಸಿ ಹಾಗ್ಸ್‌ಹೆಡ್ ಇಬ್ಬರಿಗೂ ಚಿನ್ನ ಬಂತು. 2000ದಲ್ಲಿ ಸಿಡ್ನಿಯ 50 ಮೀಟರಿನಲ್ಲಿ ಆಂಥನಿ ಅರ್ವಿನ್ ಜತೆಗೆ ಚಿನ್ನ ಹಂಚಿಕೊಂಡವನು ಗ್ಯಾರಿ ಹಾಲ್ ಜೂನಿಯರ್. ಮ್ಯೂನಿಕ್ಕಿನಲ್ಲಿ ಐದನೆಯವನಾಗಿದ್ದ ಹಾಲ್‌ನ ಮಗ. 2016ರ ರಿಯೋದಲ್ಲಂತೂ 100 ಮೀಟರ್ ಬಟರ್‌ಫ್ಲೈಯಲ್ಲಿ ಮೈಕೆಲ್ ಫೆಲ್ಪ್ಸ್, ಚಾಡ್ ಲೆ ಕ್ಲೋಸ್, ಲಾಸ್ಲೋ ಚೆಹ್ ಮೂವರೂ 51.14 ಸೆಕೆಂಡಿನಲ್ಲಿ ಮುಟ್ಟಿ ಮೂವರೂ ಬೆಳ್ಳಿ ಪಡೆದರು. ಹಂಚಿದ್ದರಿಂದ ಪದಕದ ಬೆಲೆ ಇಳಿಯಿತೆಂದು ನನಗೆ ತೋರುವುದಿಲ್ಲ.

ಓದುಗರು ಇಲ್ಲಿ ಒಂದು ಆಕ್ಷೇಪವನ್ನು ಎತ್ತಬಹುದು. ನೂರನೇ ಒಂದು ಪಾಲೆಂದರೂ ಒಂದೂವರೆ ಎರಡು ಸೆಂಟಿಮೀಟರ್ ತಾನೇ? ಕೊಳದ ವ್ಯತ್ಯಾಸ ಅದಕ್ಕಿಂತಲೂ ಹೆಚ್ಚಿರಬಹುದಲ್ಲ? 2008ರಲ್ಲಿ ಬೀಜಿಂಗಿನ 100 ಮೀಟರ್ ಬಟರ್‌ಫ್ಲೈಯಲ್ಲಿ ಫೆಲ್ಪ್ಸ್ ಸರ್ಬಿಯದ ಮಿಲೊರಾದ್ ಚಾವಿಚ್‌ನನ್ನು ಸೋಲಿಸಿದ್ದು ಆ ಒಂದೇ ಪಾಲಿನಿಂದ. ಹಾಗಾದರೆ ಅದೂ ಅನ್ಯಾಯವೇ? ಆಕ್ಷೇಪ ಸರಿಯಾದದ್ದು. ನನಗೆ ತೋರುವ ಉತ್ತರ ಇಷ್ಟು: ಗೆರೆಯನ್ನು ಎಲ್ಲಿಯಾದರೂ ಎಳೆಯಲೇಬೇಕು, ಇಲ್ಲದಿದ್ದರೆ ಸ್ಪರ್ಧೆಯೇ ನಡೆಯದು. ಠೇವಣಿಯ ಬಡ್ಡಿಯಲ್ಲಿ ಐವತ್ತು ಪೈಸೆಯಿಂದ ಮೇಲಿದ್ದುದನ್ನು ಒಂದು ರೂಪಾಯಿ ಮಾಡುತ್ತೇವೆ, ಕಡಿಮೆಯಿದ್ದುದನ್ನು ಬಿಡುತ್ತೇವೆ. ಯಾರೂ ಮೋಸವಾಯಿತೆಂದು ಜಗಳಕ್ಕೆ ಬರುವುದಿಲ್ಲ. ನಿಯಮ ಮೊದಲೇ ಗೊತ್ತಿದೆ, ಎಲ್ಲರಿಗೂ ಒಂದೇ. ಆದರೆ ಬಿಟ್ಟ ಪೈಸೆ ಇರಲೇ ಇಲ್ಲವೆಂದು ನಾವು ಹೇಳುವುದಿಲ್ಲ. ನಿರ್ಣಯ ಮಾಡುವುದು ಬೇರೆ, ಸತ್ಯವನ್ನು ಕಂಡೆನೆನ್ನುವುದು ಬೇರೆ. ಮೊದಲನೆಯದು ಅನಿವಾರ್ಯ. ಎರಡನೆಯದು ಅನೇಕ ಸಲ ಅಹಂಕಾರ.

ಈ ಮಾತು ಕೊಳದ ದಡದಲ್ಲೇ ಮುಗಿಯುವುದಿಲ್ಲ. ನಮ್ಮ ಮನೆಗಳಲ್ಲಿಯೂ ರ‍್ಯಾಂಕ್ ಪಟ್ಟಿಗಾಗಿ ಕಾಯುವ ಮಕ್ಕಳಿದ್ದಾರೆ. ಹುದ್ದೆ ಹತ್ತಿದ್ದರೆ ಹನ್ನೊಂದನೆಯವನು ಹೊರಗುಳಿಯಲೇಬೇಕು. ಅಲ್ಲಿ ಅರ್ಧ ಅಂಕ ಅರ್ಧ ಅಂಕವೇ. ಆದರೆ ಪಟ್ಟಿ ಬಂದ ಸಂಜೆ ಊಟಕ್ಕೆ ಕುಳಿತಾಗ ಆ ಅರ್ಧ ಅಂಕವನ್ನು ಹುಡುಗನ ಬುದ್ಧಿಯ ಅಳತೆಯೆಂದು ತಂದೆತಾಯಿಯರು ತಿಳಿದರೆ, ಅದು ಮೂರನೆಯ ದಶಮಾಂಶವನ್ನು ನಂಬಿದ ತಪ್ಪೇ. ಪಟ್ಟಿಗೆ ಗೆರೆ ಬೇಕು. ಆ ಗೆರೆಯನ್ನು ಊಟದ ಮನೆಯೊಳಗೆ ಎಳೆಯುವ ಅಗತ್ಯವಿಲ್ಲ.

ಗುನ್ನಾರ್ ಲಾರ್ಸನ್ ಏನೂ ತಪ್ಪು ಮಾಡಲಿಲ್ಲ. ಆಗಿನ ನಿಯಮದಂತೆ ಗೆದ್ದ. ಅದೇ ಕೂಟದ 200 ಮೀಟರ್ ಮೆಡ್ಲೆಯಲ್ಲಿಯೂ ಅವನದೇ ಚಿನ್ನ, ಅಲ್ಲಿಯೂ ಮೆಕ್ಕೀಗೆ ಬೆಳ್ಳಿ. ಆದರೆ ಅಲ್ಲಿ ಅಂತರ ಒಂದು ಸೆಕೆಂಡಿಗಿಂತ ಹೆಚ್ಚು. ಅದರ ಬಗ್ಗೆ ಯಾರಿಗೂ ಸಂಶಯವಿಲ್ಲ. 1976ರ ಮಾಂಟ್ರಿಯಲ್‌ನಲ್ಲಿ ಮೆಕ್ಕೀ ಮತ್ತೆ 400 ಮೀಟರ್ ಮೆಡ್ಲೆಯಲ್ಲಿ ಈಜಿದ, ಮತ್ತೆ ಬೆಳ್ಳಿ ಗೆದ್ದ. ಒಟ್ಟು ಮೂರು ಬೆಳ್ಳಿ, ಚಿನ್ನ ಒಂದೂ ಇಲ್ಲ. ನಿಯಮ ಬದಲಾದಾಗ ಅದರ ಫಲ ಮುಂದೆ ಬಂದವರಿಗೆ ಸಿಕ್ಕಿತು. ಹಿಂದಕ್ಕೆ ಹೋಗಿ ಅವನ ಪದಕವನ್ನು ಅದು ಬದಲಿಸಲಿಲ್ಲ. ಬದಲಿಸಬೇಕಿತ್ತೇ? ನಾನು ಬೇಕಿತ್ತೆನ್ನಲಾರೆ, ಹಳೆಯ ಲೆಕ್ಕಗಳನ್ನೆಲ್ಲ ಹೊಸ ನಿಯಮದಂತೆ ತೆರೆಯಹೊರಟರೆ ಯಾವ ಪುಸ್ತಕವೂ ಮುಚ್ಚುವುದಿಲ್ಲ. ಆದರೆ ಆ ಸ್ಪರ್ಧೆಯ ಫಲಿತಾಂಶವನ್ನು ಓದುವಾಗಲೆಲ್ಲ ‘ಇಬ್ಬರೂ ಸಮವಾಗಿ ಈಜಿದರು, ಒಬ್ಬನಿಗೆ ಚಿನ್ನ ಕೊಡಲಾಯಿತು’ ಎಂದು ಓದಿಕೊಳ್ಳುವುದನ್ನು ಯಾವ ನಿಯಮವೂ ತಡೆಯುವುದಿಲ್ಲ. ಅಷ್ಟನ್ನು ನಾವು ಮೆಕ್ಕೀಗೆ ಕೊಡಬಹುದು, ನಮ್ಮ ಮನೆಯ ಹನ್ನೊಂದನೆಯವನಿಗೂ ಕೊಡಬಹುದು.