ಮನೆಗೆ ಮರಳುವವನು ಏನನ್ನು ಹೊತ್ತು ತರಬೇಕು?



ಯುದ್ಧ ಮುಗಿಯಲಿದೆ ಎಂಬ ಸುದ್ದಿ ಕಿವಿಗೆ ಬಿದ್ದೊಡನೆ ಸೈನಿಕನ ಮನಸ್ಸು ಎಲ್ಲಿಗೆ ಓಡೀತು? ತಾಯಿಯ ಅಡುಗೆಮನೆಗೆ, ಬಿಟ್ಟುಬಂದ ಗೆಳೆಯರ ಬಳಿಗೆ, ಅರ್ಧಕ್ಕೆ ನಿಂತ ಬದುಕಿಗೆ ಎಂದು ನಾವು ಉತ್ತರಿಸುತ್ತೇವೆ. ಆ ಉತ್ತರ ಸಹಜವಾದುದೇ. ಆದರೆ ಮನೆಯ ನೆನಪು ಎಲ್ಲರಿಗೂ ನೆಮ್ಮದಿಯನ್ನಷ್ಟೇ ತರುತ್ತದೆಯೇ? ಯಾವ ಮುಖ ಹೊತ್ತು ಮನೆಗೆ ಹೋಗಲಿ ಎಂಬ ಅಳುಕೂ ಅದರೊಡನೆ ಬರಬಹುದಲ್ಲವೇ? ಮೊದಲನೆಯ ಮಹಾಯುದ್ಧದ ಕಟ್ಟಕಡೆಯ ನಿಮಿಷದಲ್ಲಿ ಮಡಿದ ಯುವಕನೊಬ್ಬನ ಜೀವನ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

ಆತನ ಹೆಸರು ಹೆನ್ರಿ ಗುಂಥರ್. ಅಮೆರಿಕದ ಬಾಲ್ಟಿಮೋರ್ ನಗರದವನು. ಜರ್ಮನಿಯಿಂದ ವಲಸೆ ಬಂದವರ ಮೊಮ್ಮಗ. ಆತನ ಕುಟುಂಬವು ಅಲ್ಲಿನ ಯೇಸುವಿನ ಪವಿತ್ರ ಹೃದಯದ ಧರ್ಮಕೇಂದ್ರಕ್ಕೆ ಸೇರಿತ್ತು. ಬ್ಯಾಂಕೊಂದರಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಈತನನ್ನು 1917ರಲ್ಲಿ ಕಡ್ಡಾಯ ಸೈನ್ಯಭರ್ತಿಯ ಮೂಲಕ ಸೇನೆಗೆ ಸೇರಿಸಿಕೊಳ್ಳಲಾಯಿತು. ಅಜ್ಜ ಅಜ್ಜಿಯರ ನಾಡಿನ ವಿರುದ್ಧವೇ ಹೋರಾಡಬೇಕಾದ ಸಂಕಟ ಒಂದೆಡೆ; ಜರ್ಮನ್ ಮೂಲದವರನ್ನೆಲ್ಲ ಸಂಶಯದಿಂದ ನೋಡುತ್ತಿದ್ದ ಸಮಾಜ ಇನ್ನೊಂದೆಡೆ. ಆದರೂ ಆತ ಸಾರ್ಜೆಂಟ್ ಹುದ್ದೆಗೇರಿ 1918ರ ಬೇಸಿಗೆಯಲ್ಲಿ ಫ್ರಾನ್ಸ್ ತಲುಪಿದ.

ಅಲ್ಲಿನ ದುಸ್ಥಿತಿಯನ್ನು ಕಂಡು ಆತ ಊರಿನ ಗೆಳೆಯನಿಗೆ ಪತ್ರ ಬರೆದ. ಹೇಗಾದರೂ ಮಾಡಿ ಸೈನ್ಯಭರ್ತಿಯಿಂದ ತಪ್ಪಿಸಿಕೊಳ್ಳುವಂತೆ ಗೆಳೆಯನಿಗೆ ಬುದ್ಧಿ ಹೇಳಿದ. ಪತ್ರವು ಸೇನೆಯ ತಪಾಸಣಾಧಿಕಾರಿಯ ಕೈಗೆ ಸಿಕ್ಕಿತು. ಸಾರ್ಜೆಂಟ್ ಗುಂಥರ್ ಸಾಮಾನ್ಯ ಸಿಪಾಯಿಯಾದ. ಆ ಅವಮಾನವನ್ನೇ ಆತ ಮೆಲುಕು ಹಾಕುತ್ತಿದ್ದನೆಂದೂ, ಅಧಿಕಾರಿಗಳ ಮತ್ತು ಸಂಗಡಿಗರ ಮುಂದೆ ತನ್ನ ಯೋಗ್ಯತೆಯನ್ನು ತೋರಿಸಿಕೊಡುವ ಹಟ ಆತನಲ್ಲಿ ಬೆಳೆಯಿತೆಂದೂ ಜೊತೆಗಾರರು ಮುಂದೆ ನೆನಪಿಸಿಕೊಂಡರು.

1918ರ ನವೆಂಬರ್ 11ರ ಮುಂಜಾನೆ, ಸುಮಾರು ಐದು ಗಂಟೆಗೆ, ಫ್ರಾನ್ಸಿನ ಕಾಡೊಂದರಲ್ಲಿ ನಿಂತಿದ್ದ ರೈಲುಬೋಗಿಯಲ್ಲಿ ಕದನವಿರಾಮಕ್ಕೆ ಸಹಿ ಬಿದ್ದಿತು. ಅದು ಜಾರಿಗೆ ಬರುವುದು ಬೆಳಿಗ್ಗೆ ಹನ್ನೊಂದಕ್ಕೆ. ನಡುವಿನ ಸುಮಾರು ಆರು ಗಂಟೆಗಳ ಕಾಲವೂ ಕಾದಾಟ ನಿಲ್ಲಲಿಲ್ಲ. ಆ ಒಂದು ದಿನ ಎಲ್ಲ ಪಕ್ಷಗಳಿಂದ ಸುಮಾರು 2,700 ಮಂದಿ ಮಡಿದರೆಂಬುದು ಇತಿಹಾಸಕಾರರ ಅಂದಾಜು. ಮುಗಿದ ಯುದ್ಧಕ್ಕೆ ಇಷ್ಟು ಜೀವಗಳನ್ನು ತೆತ್ತವರು ಯಾರು, ಕೇಳಿದವರು ಯಾರು ಎಂಬುದು ಅಧಿಕಾರದಲ್ಲಿರುವವರೆಲ್ಲರ ಮನಸ್ಸಾಕ್ಷಿಯನ್ನು ಚುಚ್ಚಬೇಕಾದ ಪ್ರಶ್ನೆ.

ಗುಂಥರನ ತುಕಡಿ ಲೊರೇನ್ ಪ್ರಾಂತ್ಯದ ಶೋಮೋಂ ಎಂಬ ಹಳ್ಳಿಯ ಬಳಿ ಇತ್ತು. ಎದುರಿಗೆ ಜರ್ಮನ್ನರ ಮೆಷಿನ್‌ಗನ್. ಇನ್ನು ಕೆಲವೇ ನಿಮಿಷಗಳಲ್ಲಿ ಎಲ್ಲವೂ ನಿಲ್ಲುತ್ತದೆಂದು ಎರಡೂ ಕಡೆಯವರಿಗೆ ತಿಳಿದಿತ್ತು. ಆಗ ಗುಂಥರ್ ಬಂದೂಕು ಹಿಡಿದು ಎದ್ದು ಮುನ್ನುಗ್ಗಿದ. ಸಂಗಡಿಗರು ತಡೆಯಲು ಕೂಗಿದರು. ಜರ್ಮನ್ನರೂ ಹಿಂದಿರುಗುವಂತೆ ಕೈಬೀಸಿ ಕೂಗಿದರು. ಆತ ನಿಲ್ಲಲಿಲ್ಲ, ಗುಂಡು ಹಾರಿಸುತ್ತಾ ಹತ್ತಿರವಾದ. ಕೊನೆಗೆ ಅವರು ಗುಂಡಿಕ್ಕಿದರು. ಸಮಯ 10 ಗಂಟೆ 59 ನಿಮಿಷ. ಆತನ ವಯಸ್ಸು 23.

ಸೇನೆಯು ಆತನ ಸಾರ್ಜೆಂಟ್ ಪದವಿಯನ್ನು ಮರಳಿಸಿತು, ಶೌರ್ಯಪದಕವನ್ನೂ ನೀಡಿತು. ಆತ ಬಯಸಿದ್ದೆಲ್ಲ ಆತನಿಗೆ ದೊರೆಯಿತು. ಮನೆಗೆ ದೊರೆತದ್ದು ಮಾತ್ರ 1923ರಲ್ಲಿ ಹಡಗಿನಲ್ಲಿ ಬಂದ ಪಾರ್ಥಿವ ಶರೀರ.

ಆ ಯುವಕನ ಅಂತರಂಗಕ್ಕೆ ತೀರ್ಪು ನೀಡುವ ಅಧಿಕಾರ ನಮಗಿಲ್ಲ. ಮಾನ ಮರ್ಯಾದೆ ಬೇಡವೆಂದು ಹೇಳುವುದೂ ಸರಿಯಲ್ಲ. ಮಾನವಿಲ್ಲದ ಬಾಳು ಬಾಳಲ್ಲವೆಂದು ಮಕ್ಕಳಿಗೆ ಕಲಿಸುವವರು ನಾವೇ ಅಲ್ಲವೇ? ಆದರೆ ಮಾನಕ್ಕೂ ಘನತೆಗೂ ಇರುವ ಅಂತರವನ್ನು ನಾವು ಅರಿಯಬೇಕಾಗಿದೆ. ಮಾನವನ್ನು ಕೊಡುವವರು ಇತರರು. ಆದುದರಿಂದಲೇ ಅವರು ಅದನ್ನು ಕಿತ್ತುಕೊಳ್ಳಲೂಬಲ್ಲರು. ಘನತೆಯನ್ನು ಯಾವ ಅಧಿಕಾರಿಯೂ ಕೊಟ್ಟಿಲ್ಲ. ಆದುದರಿಂದ ಯಾವ ಆಜ್ಞೆಯೂ ಅದನ್ನು ಹಿಂಪಡೆಯಲಾರದು. ಗೆಳೆಯನ ಜೀವ ಉಳಿಯಲೆಂದು ಪತ್ರ ಬರೆದ ದಿನ ಗುಂಥರನ ತೋಳಿನ ಪಟ್ಟಿ ಹೋಯಿತೇ ಹೊರತು ಆತನ ಘನತೆ ಹೋಗಲಿಲ್ಲ. ಅದನ್ನು ಆತನಿಗೆ ಯಾರಾದರೂ ಹೇಳಬೇಕಿತ್ತು.

ದುಂದುಗಾರ ಮಗನ ಸಾಮತಿಯನ್ನು ನೆನೆಯಿರಿ. ಮಗನು ದಾರಿಯುದ್ದಕ್ಕೂ ಕ್ಷಮಾಪಣೆಯ ಮಾತುಗಳನ್ನು ಜೋಡಿಸಿಕೊಂಡು ಬಂದಿದ್ದ. ಆದರೆ ಅವನು ಬಾಯಿ ತೆರೆಯುವ ಮುನ್ನವೇ ತಂದೆ ಓಡಿಬಂದು ಅಪ್ಪಿಕೊಂಡಿದ್ದ. ತಂದೆಗೆ ಬೇಕಾದುದು ಮಗ, ಮಗನ ಸಮಜಾಯಿಷಿಯಲ್ಲ.

ಪ್ರಿಯ ತಂದೆತಾಯಿಯರೇ, ಪರೀಕ್ಷೆಯಲ್ಲಿ ಅನುತ್ತೀರ್ಣನಾದ ಮಗ, ಕೆಲಸ ಕಳೆದುಕೊಂಡ ಅಳಿಯ, ಪರದೇಶದಿಂದ ಬರಿಗೈಯಲ್ಲಿ ಬರಬೇಕಾದ ಮಗಳು ನಮ್ಮ ಕುಟುಂಬಗಳಲ್ಲಿಯೂ ಇದ್ದಾರೆ. ಏನನ್ನಾದರೂ ಸಾಧಿಸಿಯೇ ಮನೆಗೆ ಹೋಗುತ್ತೇನೆಂದು ಅವರು ದೂರದಲ್ಲೇ ಉಳಿಯುತ್ತಾರೆ; ಕೆಲವರು ದುಡುಕುತ್ತಾರೆ. ಅಂಥವರಿಗೆ ನೀವು ಕಾದಿದ್ದೀರಿ ಎಂಬುದು ತಿಳಿದಿದೆಯೇ? ಮನಸ್ಸಿನಲ್ಲಿರುವ ಪ್ರೀತಿ ಅವರಿಗೆ ತಾನಾಗಿಯೇ ಗೊತ್ತಾಗುತ್ತದೆಂದು ಭಾವಿಸಬೇಡಿರಿ. ಇಂದು ರಾತ್ರಿ ಫೋನ್ ಮಾಡಿ, "ನೀನು ಬಂದರೆ ಸಾಕು" ಎಂದು ಬಾಯಿಬಿಟ್ಟು ಹೇಳಿರಿ.