ಯಾವುದಾದರೂ ಸರಿ

ಮನೆಯ ಹಿರಿಯರೊಬ್ಬರ ಎಪ್ಪತ್ತನೆಯ ಹುಟ್ಟುಹಬ್ಬವೋ, ತಂದೆತಾಯಿಯರ ವಿವಾಹದ ಸುವರ್ಣ ಮಹೋತ್ಸವವೋ ಸಮೀಪಿಸಿದಾಗ, ನಗರದಲ್ಲಿ ನೆಲೆಸಿರುವ ಮಕ್ಕಳು "ಈ ಸಲ ಅವರನ್ನು ಒಂದು ಒಳ್ಳೆಯ ಕಡೆಗೆ ಊಟಕ್ಕೆ ಕರೆದೊಯ್ಯೋಣ" ಎಂದು ನಿಶ್ಚಯಿಸುವುದನ್ನು ನೀವು ಕಂಡಿರುತ್ತೀರಿ. ನಿಶ್ಚಯಿಸುವುದು ಸುಲಭ. "ಯಾವ ಕಡೆಗೆ?" ಎಂಬಲ್ಲಿ ಚರ್ಚೆ ಹುಟ್ಟುತ್ತದೆ. ಇದೇನು ದೊಡ್ಡ ನೈತಿಕ ಪ್ರಶ್ನೆಯೇ ಎಂದು ನೀವು ನಗಬಹುದು. ನಾನೂ ಮೊದಲು ನಕ್ಕವನೇ.

ನಮ್ಮ ತಾಯಿಯವರು ಮಂಗಳೂರಿನ ಸಮೀಪದ ಒಂದು ಹಳ್ಳಿಯವರು. ತಂದೆಯವರು ತೀರಿಕೊಂಡ ಬಳಿಕ ಬಂದ ಅವರ ಮೊದಲ ಹುಟ್ಟುಹಬ್ಬವನ್ನು ಬೆಂಗಳೂರಿನಲ್ಲಿ ಆಚರಿಸಬೇಕೆಂದು ನಾವು ಮೂವರು ಮಕ್ಕಳು ಒಪ್ಪಿಕೊಂಡೆವು. ಕೊನೆಗೆ ಎರಡು ಹೆಸರುಗಳು ಉಳಿದವು. ಒಂದು, ರೆಸಿಡೆನ್ಸಿ ರಸ್ತೆಯ 'ಕರಾವಳಿ'. 1990ರಲ್ಲಿ ಆರಂಭವಾದ ಈ ಭೋಜನಗೃಹವು ಮಂಗಳೂರು, ಗೋವೆ, ಕೇರಳದ ಕರಾವಳಿಯ ಮನೆಗಳ ಪಾಕವನ್ನು ತಾರಾ ಹೋಟೆಲಿನ ಮೇಜಿಗೆ ತಂದಿತು. ಕೊಡಗಿನವರಾದ ನರೇನ್ ತಿಮ್ಮಯ್ಯನವರು ಅದರ ಅಡುಗೆಮನೆಯನ್ನು ದೀರ್ಘಕಾಲ ನಡೆಸಿ ಹೆಸರಾದರು. ಇನ್ನೊಂದು, ಮಹಾತ್ಮ ಗಾಂಧಿ ರಸ್ತೆಯ ಒಬೆರಾಯ್ ಹೋಟೆಲಿನ 'ರಿಮ್ ನಾಮ್'. ಇದು ಥಾಯ್ಲೆಂಡಿನ ಊಟದ ಮನೆ. ಆ ಭಾಷೆಯಲ್ಲಿ ಈ ಹೆಸರಿಗೆ 'ನೀರಿನ ಅಂಚು' ಎಂದರ್ಥ.

ತಂಗಿಯ ವಾದ ಹೀಗಿತ್ತು: "ಅಮ್ಮ ಐವತ್ತು ವರ್ಷ ಅರೆದು, ರುಬ್ಬಿ, ಬೇಯಿಸಿದ್ದನ್ನೇ ಹಣ ತೆತ್ತು ಅವರ ಮುಂದೆ ಇಡುವುದೇ? ಅವರು ಒಮ್ಮೆಯಾದರೂ ಕಾಣದಿರುವುದನ್ನು ಕಾಣಲಿ." ತಮ್ಮನ ಉತ್ತರ: "ಐವತ್ತು ವರ್ಷ ಬಡಿಸಿ ಎಲ್ಲರಿಗಿಂತ ಕಡೆಯಲ್ಲಿ ಉಂಡವರಿಗೆ, ಅದೇ ಮೀನಿನ ಗಸಿಯನ್ನು ಇನ್ನೊಬ್ಬರು ತಂದು ಮೊದಲು ಅವರಿಗೇ ಬಡಿಸುವ ಸುಖ ಬೇಡವೇ? ಗುರುತಿಲ್ಲದ ತಿನಿಸಿನ ಮುಂದೆ ಕೂರಿಸಿ ಯಾಕೆ ಮುಜುಗರಪಡಿಸುತ್ತೀರಿ?" ನನಗೆ ಇಬ್ಬರ ಮಾತೂ ಸರಿಯೆನಿಸಿತು. ಇಂದಿಗೂ ಹಾಗೆಯೇ ಅನಿಸುತ್ತದೆ. ಪರಿಚಿತವಾದುದನ್ನು ಗೌರವದೊಂದಿಗೆ ಹಿಂದಿರುಗಿಸುವುದೂ ಪ್ರೀತಿಯೇ, ಅಪರಿಚಿತವಾದುದರ ಬಾಗಿಲು ತೆರೆಯುವುದೂ ಪ್ರೀತಿಯೇ. ಇವೆರಡನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗಲು ಬೇಕಾದ ಕಲ್ಲು ಯಾರ ಬಳಿಯೂ ಇಲ್ಲ.

ಎರಡು ವಾರ ನಾವು ತೂಗುತ್ತಲೇ ಇದ್ದೆವು. ಅತ್ಯುತ್ತಮವಾದುದನ್ನೇ ಹುಡುಕುವ ಈ ಹಟಕ್ಕೆ ಕೊನೆಯಿಲ್ಲ. ಜೀವಿಗಳು ಅತ್ಯುತ್ತಮಕ್ಕಾಗಿ ಕಾಯುವುದಿಲ್ಲ, ಸಾಕಷ್ಟು ಒಳ್ಳೆಯದು ದೊರೆತಲ್ಲಿ ನಿಲ್ಲುತ್ತವೆ ಎಂದು ಅಮೆರಿಕದ ಹರ್ಬರ್ಟ್ ಸೈಮನ್ 1956ರಲ್ಲೇ ಬರೆದಿದ್ದರು. ಆ ಲೆಕ್ಕದಲ್ಲಿ ನಾವು ಒಂದು ನಾಣ್ಯವನ್ನು ಚಿಮ್ಮಿದ್ದರೂ ಸಾಕಿತ್ತು. ಆದರೆ ನಮ್ಮ ತಡಕ್ಕೆ ಇನ್ನೊಂದು ಕಾರಣವಿತ್ತು. ಅದನ್ನು ಒಪ್ಪಿಕೊಳ್ಳಲು ಸ್ವಲ್ಪ ನಾಚಿಕೆಯಾಗುತ್ತದೆ. ಊರಿನ ನೆಂಟರಿಗೆ ಹೇಳಿಕೊಳ್ಳುವಾಗ ಯಾವ ಹೆಸರು ಹೆಚ್ಚು ಶೋಭಿಸುತ್ತದೆ, ಯಾವ ಛಾಯಾಚಿತ್ರ ಹೆಚ್ಚು ಚೆಂದ ಕಾಣುತ್ತದೆ ಎಂಬ ಯೋಚನೆಯೂ ನಮ್ಮ ಮಾತಿನೊಳಗೆ ನುಸುಳಿಬಿಟ್ಟಿತ್ತು.

ಗ್ರೀಕ್ ದಾರ್ಶನಿಕ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ನಾಲ್ಕನೆಯ ಭಾಗದಲ್ಲಿ ಧಾರಾಳವಾಗಿ ವೆಚ್ಚಮಾಡುವುದನ್ನೂ ಒಂದು ಸದ್ಗುಣವೆಂದೇ ಎಣಿಸುತ್ತಾನೆ. ವೆಚ್ಚವು ಸಂದರ್ಭಕ್ಕೆ ತಕ್ಕುದಾಗಿರಬೇಕು ಎಂಬುದು ಅವನ ಷರತ್ತು. ವಿವಾಹದಂಥ ಒಮ್ಮೆ ಮಾತ್ರ ಬರುವ ಸಂದರ್ಭಕ್ಕೆ ಹಿರಿದಾಗಿ ಖರ್ಚುಮಾಡುವವನನ್ನು ಅವನು ಮೆಚ್ಚುತ್ತಾನೆ; ಗೆಳೆಯರ ಸಾಧಾರಣ ಕೂಟಕ್ಕೆ ಮದುವೆಯ ಔತಣ ನೀಡಿ ತನ್ನ ಸಿರಿಯನ್ನು ಮೆರೆಸುವವನನ್ನು ಹಳಿಯುತ್ತಾನೆ. ಹಾಗಾದರೆ ದುಬಾರಿ ಊಟವನ್ನು ಊಟವೆಂಬ ಕಾರಣಕ್ಕೇ ತಪ್ಪೆನ್ನಲಾಗದು. ಎಪ್ಪತ್ತು ವರ್ಷಕ್ಕೊಮ್ಮೆ ಒಂದು ರಾತ್ರಿ ಅಮ್ಮನಿಗಾಗಿ ಕೈಬಿಚ್ಚಿ ಖರ್ಚುಮಾಡುವುದು ತಕ್ಕುದೇ ಎಂಬುದು ನನ್ನ ಅಭಿಪ್ರಾಯ. ಆದರೆ ಆ ಮೇಜಿನಲ್ಲಿ ನಾವು ಮೆರೆಸಹೊರಟಿರುವುದು ಯಾರನ್ನು?

ಬೆಲೆಯ ವಿಷಯಕ್ಕೆ ಬರೋಣ. ಅಮ್ಮ ಬೆಲೆಪಟ್ಟಿಯನ್ನು ಓದಿದರೆಂದರೆ ಆ ರಾತ್ರಿ ಅವರ ಗಂಟಲಿನಲ್ಲಿ ತುತ್ತು ಇಳಿಯುವುದಿಲ್ಲ ಎಂಬುದು ನಮಗೆ ಗೊತ್ತಿತ್ತು. ಕೊಠಡಿಯ ದರ ದಿನಕ್ಕೆ 7500 ರೂಪಾಯಿ ಮೀರುವ ಹೋಟೆಲಿನ ಊಟಕ್ಕೆ ಶೇಕಡಾ 18 ಜಿಎಸ್‌ಟಿಯೂ ಸೇರುತ್ತದೆ. (ಸೇವಾ ಶುಲ್ಕವನ್ನು ಮಾತ್ರ ಕಡ್ಡಾಯಮಾಡುವಂತಿಲ್ಲ, 2022ರ ಮಾರ್ಗಸೂಚಿ ಹೀಗೆಂದಿತು, 2025ರ ಮಾರ್ಚಿಯಲ್ಲಿ ದೆಹಲಿ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ನಿಮಗೂ ಉಪಯೋಗವಾದೀತು.) ಪಾಶ್ಚಾತ್ಯ ದೇಶಗಳ ಕೆಲವು ದೊಡ್ಡ ಭೋಜನಗೃಹಗಳಲ್ಲಿ ಆತಿಥೇಯನಿಗೆ ಬೆಲೆಯುಳ್ಳ ಪಟ್ಟಿಯನ್ನೂ ಅವನೊಡನೆ ಬಂದ ಮಹಿಳೆಗೆ ಬೆಲೆಯಿಲ್ಲದ ಪಟ್ಟಿಯನ್ನೂ ಕೊಡುವ ಪದ್ಧತಿಯಿತ್ತು. 1980ರಲ್ಲಿ ಲಾಸ್ ಏಂಜಲಿಸಿನಲ್ಲಿ ಪುರುಷ ಅತಿಥಿಯನ್ನು ಊಟಕ್ಕೆ ಕರೆದೊಯ್ದ ಮಹಿಳೆಯೊಬ್ಬರಿಗೇ ಬೆಲೆಯಿಲ್ಲದ ಪಟ್ಟಿ ಬಂದು, ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಅತಿಥಿಯ ಸಂಕೋಚವನ್ನು ಕಳೆಯಲು ಹುಟ್ಟಿದ ಉಪಚಾರವು ಆಕೆಯನ್ನು ಲೆಕ್ಕಕ್ಕಿಲ್ಲದವಳನ್ನಾಗಿ ಮಾಡಿತ್ತು. ನಾವು ಅಮ್ಮನಿಗೆ ಮಾಡಹೊರಟದ್ದೂ ಅದನ್ನೇ ಅಲ್ಲವೇ ಎಂದು ಆಗ ನನಗೆ ಹೊಳೆಯಿತು. ಬೆಲೆಯನ್ನು ಮಾತ್ರವಲ್ಲ, ಆಯ್ಕೆಯನ್ನೇ ಅವರಿಂದ ಮರೆಮಾಡಿದ್ದೆವು. ಅಚ್ಚರಿಯ ಉಡುಗೊರೆ ಎಂಬ ಹೆಸರಿನಲ್ಲಿ ಮೂವರು ಮಕ್ಕಳು ಅಮ್ಮನ ನಾಲಗೆಯ ಕುರಿತು ಎರಡು ವಾರ ವಾದಿಸಿದ್ದೆವು. ಅಮ್ಮನನ್ನು ಮಾತ್ರ ಒಬ್ಬರೂ ಕೇಳಿರಲಿಲ್ಲ.

ಕೇಳಿದೆವು. "ಯಾವುದಾದರೂ ಸರಿ" ಎಂದರು.

ಈ ಮಾತನ್ನು ನಿಮ್ಮ ಮನೆಯಲ್ಲಿಯೂ ನೀವು ಕೇಳಿರುತ್ತೀರಿ. ನಾವು ಇದನ್ನು ತೃಪ್ತಿಯೆಂದೋ ತ್ಯಾಗವೆಂದೋ ಹೊಗಳಿ ಮುಂದೆ ಸಾಗುತ್ತೇವೆ. ನನಗೇಕೋ ಈಗ ಹಾಗೆ ಹೊಗಳಲು ಮನಸ್ಸು ಬರುವುದಿಲ್ಲ. ಜೀವಮಾನವಿಡೀ "ನಿನಗೇನು ಬೇಕು?" ಎಂದು ಯಾರೂ ಕೇಳದೇ ಇದ್ದಾಗ ನಾಲಗೆಗೆ ಬೇರೆ ಉತ್ತರ ಅಭ್ಯಾಸವಾಗುವುದಾದರೂ ಹೇಗೆ? ಒಮ್ಮೆ ಕೇಳಿ ಬಿಟ್ಟುಬಿಡುವುದು ನಮ್ಮ ಮನಸ್ಸಾಕ್ಷಿಯ ಸಮಾಧಾನಕ್ಕೆ ಮಾತ್ರ. ತಂಗಿ ಬಿಡಲಿಲ್ಲ. ಎರಡೂ ಕಡೆಯ ಊಟವನ್ನು ದೂರವಾಣಿಯಲ್ಲಿ ಬಿಡಿಸಿ ಹೇಳಿದಳು: ಇಲ್ಲಿ ಗಸಿ, ಅಪ್ಪ, ಮೀನು, ಅಲ್ಲಿ ಮಜ್ಜಿಗೆಹುಲ್ಲು ಹಾಕಿದ ಸಾರು, ಶುಂಠಿಯ ಜಾತಿಯದೇ ಒಂದು ಗೆಡ್ಡೆ, ಹಸಿಮೆಣಸು ಅರೆದು ತೆಂಗಿನ ಹಾಲಿನಲ್ಲಿ ಮಾಡುವ ಹಸಿರು ಪಲ್ಯದಂಥದ್ದು. ಥಾಯ್ ಪದ್ಧತಿಯಲ್ಲಿ ಗಟ್ಟಿ ಹಾಲನ್ನೇ ಮೊದಲು ಕುದಿಸಿ, ಎಣ್ಣೆ ಬಿಟ್ಟಮೇಲೆ ಅದರಲ್ಲಿ ಮಸಾಲೆಯನ್ನು ಹುರಿಯುತ್ತಾರಂತೆ ಎಂದಳು.

ಅತ್ತ ಕಡೆ ಮೌನ. ಬಳಿಕ ಅಮ್ಮ ಕೇಳಿದರು: "ಗಟ್ಟಿ ಹಾಲು ಮೊದಲೇ? ನಾವು ಅದನ್ನು ಕಡೆಯಲ್ಲಲ್ಲವೇ ಹಾಕುವುದು? ಕುದಿಸಿದರೆ ಒಡೆದುಹೋಗುವುದಿಲ್ಲವೇ?"

ನಾವು ನೀರಿನ ಅಂಚಿಗೆ ಹೋದೆವು. ಅಮ್ಮ ಬೆಲೆಪಟ್ಟಿಯನ್ನು ತಾವೇ ತೆರೆದು ಓದಿದರು, ಕನ್ನಡಕವನ್ನು ತೆಗೆದು ಒರೆಸಿ ಮತ್ತೊಮ್ಮೆ ಓದಿದರು, ಏನೂ ಹೇಳದೆ ಹಸಿರು ಸಾರನ್ನು ಹೇಳಿದರು. ಮನೆಗೆ ಮರಳುವಾಗ ಒಟ್ಟು ಎಷ್ಟಾಯಿತೆಂದು ಕೇಳಿದಾಗ ತಮ್ಮ ಅರ್ಧದಷ್ಟನ್ನು ಹೇಳಿದ. ಅದು ಸುಳ್ಳು, ನಾನು ಅದನ್ನು ಒಪ್ಪುವುದಿಲ್ಲ. ಪಟ್ಟಿಯನ್ನು ಎರಡು ಸಲ ಓದಿದವರು ಅದನ್ನು ನಂಬಿದರೆಂದೂ ನನಗೆ ಅನಿಸುವುದಿಲ್ಲ.

ಮುಂದಿನ ವಾರ ಊರಿನಿಂದ ಕರೆ ಬಂತು. ಗಟ್ಟಿ ಹಾಲನ್ನು ಮೊದಲು ಹಾಕಿ ನೋಡಿದರಂತೆ, ಎಣ್ಣೆ ಬಿಟ್ಟಿತಂತೆ, ಆದರೆ ಬಂಗುಡೆಗೆ ಅದು ಹೊಂದುವುದಿಲ್ಲವಂತೆ. "ಮುಂದಿನ ಸಲ ಆ ಇನ್ನೊಂದು ಕಡೆಗೇ ಹೋಗೋಣ. ಅವರು ಗಸಿಗೆ ಕೊತ್ತಂಬರಿ ಎಷ್ಟು ಹುರಿಯುತ್ತಾರೆ ಎಂದು ನಾನು ನೋಡಬೇಕು" ಎಂದರು.